ಆರನೇ ಕ್ಲಾಸಿಗೆ ನವೋದಯವೋ, ಪೇಟೆಯ ಖಾಸಗಿ ಶಾಲೆಯೋ?

ದಾವಣಗೆರೆ ಜಿಲ್ಲೆಯ ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು: ಎರಡು ಗಂಟೆಯಲ್ಲಿ 80 ಪ್ರಶ್ನೆ. ಅರ್ಧದಷ್ಟು ಬುದ್ಧಿಸಾಮರ್ಥ್ಯದ್ದೇ, ಉಳಿದದ್ದು ಗಣಿತ, ಭಾಷೆ. ಕನ್ನಡದಲ್ಲೇ ಬರೆಯಬಹುದು. ಮಗು ಐದನೇ ಕ್ಲಾಸನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಅವಕಾಶ ಒಂದೇ ಸಲ, ಹಾಗಾಗಿ 'ಮುಂದಿನ ವರ್ಷ ನೋಡಣ ಬಿಡ್ರಿ' ಅನ್ನುವಂತಿಲ್ಲ. ಊಟ, ವಸತಿ, ಪುಸ್ತಕ ಉಚಿತ.

ಖಾಸಗಿ ಶಾಲೆಗಳದು ಒಂದೊಂದರದು ಒಂದೊಂದು ಪದ್ಧತಿ. ಅರ್ಜಿ ಫಾರಂ ಕೊಳ್ಳುವ ಮೊದಲೇ ಡೊನೇಷನ್, ಬಸ್, ಯೂನಿಫಾರಂ ಎಲ್ಲ ಸೇರಿಸಿ ವರ್ಷದ ಲೆಕ್ಕ ಕೇಳಿ. ಬಾಯಿಮಾತು ಬೇಡ, ಚೀಟಿಯಲ್ಲೇ ಬರೆಸಿಕೊಳ್ಳಿ.

ಲೆಕ್ಕದಲ್ಲಿ ಚುರುಕಿರುವ ಹಳ್ಳಿ ಮಗುವಿಗೆ ನಾನು ಮೊದಲು ಹೇಳುವುದು ನವೋದಯವನ್ನೇ. ಅಮ್ಮನನ್ನು ಬಿಟ್ಟು ಮಲಗದ ಮಗುವಾದರೆ ಮನೆಯಿಂದ ಹೋಗಿಬರುವ ಶಾಲೆಯೇ ವಾಸಿ. ಅಂದಹಾಗೆ, ನವೋದಯದವರು ಒಂಬತ್ತನೇ ಕ್ಲಾಸಲ್ಲಿ ಕೆಲವರನ್ನು ಒಂದು ವರ್ಷ ಹಿಂದಿ ಪ್ರದೇಶದ ಶಾಲೆಗೆ ಕಳಿಸುತ್ತಾರೆ. ಇದನ್ನು ಅಜ್ಜಿಗೂ ಮೊದಲೇ ಹೇಳಿಟ್ಟಿರಿ.