ಕ್ರೂಸ್ ಬುಕ್ ಮಾಡುವವರೇ, ಟಿಕೆಟ್‌ನ ಷರತ್ತು ಕೇಳಿ ಇಸಿದುಕೊಳ್ಳಿ

ಮಂಗಳೂರಿನ ಏಜೆಂಟರ ಹತ್ತಿರ ವಿದೇಶದ ಕ್ರೂಸ್ ಬುಕ್ ಮಾಡಿದ್ದೀರಾ? ಹಾಗಾದರೆ ದುಡ್ಡು ಕಟ್ಟಿದಾಗ ಅವರು ಕೊಟ್ಟ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. ವಿಮಾನದ ಟಿಕೆಟ್, ಹೋಟೆಲ್ ವೋಚರ್, ಕ್ಯಾಬಿನ್ ನಂಬರ್ ಎಲ್ಲ ಇರುತ್ತದೆ. ಹಡಗು ಕಂಪನಿಯ ಷರತ್ತುಗಳ ಪ್ರತಿ ಇದೆಯಾ? ಇಲ್ಲದಿದ್ದರೆ ಇವತ್ತೇ ಕೇಳಿ. ಏನಾದರೂ ಹೆಚ್ಚುಕಮ್ಮಿ ಆದರೆ ಯಾರ ಮೇಲೆ, ಯಾವ ಊರಿನ ಕೋರ್ಟಿನಲ್ಲಿ, ಎಷ್ಟು ಸಮಯದೊಳಗೆ ಕೇಸು ಹಾಕಬೇಕು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ನಮ್ಮ ಕೈಗೆ ಅದು ಸಿಗುವಷ್ಟರಲ್ಲಿ ಅಮ್ಮನ ಮಣಿಕಟ್ಟಿಗೆ ಪ್ಲೇಟ್ ಹಾಕಿಸಿ ಆಗಿತ್ತು.

ಇಟಲಿಯಿಂದ ಹೊರಡುವ ಮೆಡಿಟರೇನಿಯನ್ ಕ್ರೂಸ್ ಅದು. ಈಜುಕೊಳದ ಪಕ್ಕದಲ್ಲಿ ಐಸ್‌ಕ್ರೀಮ್ ಕೌಂಟರ್. ಕೊಳದಿಂದ ಎದ್ದು ಬಂದವರೆಲ್ಲ ನೀರು ಸುರಿಸುತ್ತ ಅಲ್ಲೇ ಸಾಲು ನಿಲ್ಲುತ್ತಿದ್ದರು. ಅಮ್ಮ ಚಪ್ಪಲಿ ಹಾಕಿಕೊಂಡೇ ನಡೆದು ಹೋಗುತ್ತಿದ್ದರು, ಜಾರಿ ಬಲಗೈ ಊರಿ ಬಿದ್ದರು. ಕೆಲಸದವರು ಓಡಿ ಬಂದರು, ಗಾಲಿ ಕುರ್ಚಿ ತಂದರು, ಅದರಲ್ಲಿ ಕುಂದು ಹೇಳುವ ಹಾಗಿಲ್ಲ. ಆದರೆ ನೆಲ ಒದ್ದೆ ಇದೆ ಎನ್ನುವ ಹಳದಿ ಬೋರ್ಡ್ ಬಂದದ್ದು ಅಮ್ಮ ಬಿದ್ದ ಮೇಲೆ. ಅದಕ್ಕೂ ಸ್ವಲ್ಪ ಮುಂಚೆ ನನ್ನ ಮಗಳು ಅದೇ ಜಾಗದಲ್ಲಿ ಅಜ್ಜಿಯ ಫೋಟೋ ತೆಗೆದಿದ್ದಳು. ಫೋಟೋದಲ್ಲಿ ನೀರು ಹೊಳೆಯುತ್ತಿದೆ, ಬೋರ್ಡ್ ಇಲ್ಲ.

ಹಡಗಿನ ಡಾಕ್ಟರ್ ಎಕ್ಸ್‌ರೇ ತೆಗೆದು ಪಟ್ಟಿ ಹಾಕಿದರು. ಅಮ್ಮ ನೋವಿನಲ್ಲಿ ಮುಲುಗುತ್ತಿರುವಾಗಲೇ ಒಬ್ಬರು ಫಾರ್ಮ್ ತಂದು ಸಹಿ ಮಾಡಿ ಅಂದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಾರಣದ ಜಾಗದಲ್ಲಿ ಅವರೇ ತುಂಬಿಸಿ ಇಟ್ಟಿದ್ದರು: ‘ಪ್ಯಾಸೆಂಜರ್ ಲಾಸ್ಟ್ ಹರ್ ಬ್ಯಾಲೆನ್ಸ್’. ನೀರಿನ ಮಾತೇ ಇಲ್ಲ! ಎಡಗೈಯಲ್ಲಿ ಸಹಿ ಹಾಕಿಸಿಕೊಂಡು ಹೋದರು. ಪ್ರತಿ ಕೇಳಿದ್ದಕ್ಕೆ ‘ಆಮೇಲೆ ಮೇಲ್ ಮಾಡುತ್ತೇವೆ’ ಅಂದರು. ಆ ಮೇಲ್ ಇವತ್ತಿಗೂ ಬಂದಿಲ್ಲ. ಚಿಕಿತ್ಸೆಯ ಬಿಲ್ ಮಾತ್ರ ಇಳಿಯುವ ಮುಂಚೆಯೇ ನಮ್ಮ ಕ್ಯಾಬಿನ್ ಲೆಕ್ಕಕ್ಕೆ ಸೇರಿತ್ತು.

ಊರಿಗೆ ಬಂದು ಆಪರೇಷನ್ ಆಯಿತು. ಏಜೆಂಟರು ಮನೆಗೇ ಬಂದು, ‘ಟೆನ್ಷನ್ ಮಾಡ್ಬೇಡಿ ಮೇಡಂ, ಕಂಪನಿ ಜೊತೆ ನಾವೇ ಮಾತಾಡ್ತೇವೆ’ ಅಂದರು. ಮಾತಾಡಿದ್ದೂ ಹೌದು. ಕಂಪನಿಯಿಂದ ಒಮ್ಮೆ ಬಿಲ್ ಕೇಳುವ ಮೇಲ್, ಇನ್ನೊಮ್ಮೆ ಡಾಕ್ಟರ್ ಸರ್ಟಿಫಿಕೇಟ್ ಕೇಳುವ ಮೇಲ್, ಮತ್ತೊಮ್ಮೆ ‘ಪರಿಶೀಲನೆಯಲ್ಲಿದೆ’ ಅಂತ. ಎಷ್ಟು ನಯ ಅಂತೀರಿ! ಕೊನೆಗೆ ಬಂದದ್ದು ಎರಡೇ ಸಾಲು: ಹಡಗಿನಿಂದ ಇಳಿದು ಎರಡು ವರ್ಷ ಕಳೆದಿದೆ, ನಿಮ್ಮ ಹಕ್ಕು ಮುಗಿದಿದೆ.

ಅದು ಸುಳ್ಳಲ್ಲ, ಮಾರಾಯ್ರೆ. ಹಡಗಿನ ಪ್ರಯಾಣಿಕರಿಗೆ ಅಥೆನ್ಸ್ ಒಪ್ಪಂದ ಅಂತ ಒಂದಿದೆ. 1974ರದ್ದು, 2002ರಲ್ಲಿ ತಿದ್ದುಪಡಿ ಆದದ್ದು. ಯೂರೋಪಿನ ಬಂದರಿನಿಂದ ಹೊರಟು ದೇಶ ದಾಟುವ ಪ್ರಯಾಣಕ್ಕೆ ಅದೇ ಲೆಕ್ಕ. ಗಾಯವಾದರೆ ಇಳಿದ ದಿನದಿಂದ ಎರಡು ವರ್ಷದೊಳಗೆ ಕೋರ್ಟಿನಲ್ಲಿ ಕೇಸು ಬಿದ್ದಿರಬೇಕು. ಮೇಲ್ ಓಡಾಡುತ್ತಿದೆ ಅಂತ ಗಡುವು ನಿಲ್ಲುವುದಿಲ್ಲ. ಗಡುವು ಮುಂದೆ ಹಾಕಬೇಕಾದರೆ ಕಂಪನಿ ಲಿಖಿತವಾಗಿ ಒಪ್ಪಬೇಕು. ‘ಪರಿಶೀಲನೆಯಲ್ಲಿದೆ’ ಅನ್ನುವುದು ಒಪ್ಪಿಗೆ ಅಲ್ಲ. ಕಂಪನಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಇದೆ, ಅದು ಇನ್ನೂ ಮುಖ್ಯ. ಹಡಗು ಮುಳುಗಿದರೆ, ಡಿಕ್ಕಿಯಾದರೆ, ಬೆಂಕಿ ಬಿದ್ದರೆ, ಅಂದರೆ 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಬಂಡೆಗೆ ಬಡಿದ ಕೋಸ್ಟಾ ಕಾಂಕಾರ್ಡಿಯಾದಂಥ ದುರಂತವಾದರೆ, ಕಂಪನಿಯ ತಪ್ಪನ್ನು ನಾವು ತೋರಿಸಬೇಕಿಲ್ಲ. ತಲೆಗೆ 2,50,000 ಎಸ್‌ಡಿಆರ್‌ವರೆಗೆ ಅವರದೇ ಹೊಣೆ. ಅದಕ್ಕಿಂತ ಮೇಲೆ, ತಮ್ಮ ತಪ್ಪಿಲ್ಲ ಅಂತ ಅವರು ಸಾಬೀತು ಮಾಡಬೇಕು. ಮೇಲ್ಮಿತಿ 4,00,000, ನಮ್ಮ ರೂಪಾಯಿಯಲ್ಲಿ ನಾಲ್ಕು ಕೋಟಿಗೂ ಜಾಸ್ತಿ. (ಎಸ್‌ಡಿಆರ್ ಅಂದರೆ ಐಎಂಎಫ್‌ನ ಲೆಕ್ಕದ ಹಣ.) ಆದರೆ ಜಾರಿ ಬಿದ್ದದ್ದು ಈ ಸಾಲಿಗೆ ಸೇರುವುದಿಲ್ಲ. ಅಲ್ಲಿ ಕಂಪನಿಯ ಅಜಾಗರೂಕತೆಯನ್ನು ನಾವೇ ತೋರಿಸಬೇಕು. ಆಗ ಆ ಫಾರ್ಮ್‌ನಲ್ಲಿ ಅವರು ಬರೆದ ಒಂದು ಸಾಲು ಎಷ್ಟು ಭಾರ ಆಗುತ್ತದೆ ನೋಡಿ.

ಹಾಗಾಗಿ ಸಹಿ ಕೇಳಿದರೆ ಮೊದಲು ಓದಿಸಿ. ಏನಾಯಿತು ಅಂತ ನಿಮ್ಮ ಮಾತಿನಲ್ಲಿ ಬರೆದು ಆಮೇಲೆ ಸಹಿ ಹಾಕಿ. ಫಾರ್ಮ್‌ನ ಪ್ರತಿ ಕೊಡದಿದ್ದರೆ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆಯಿರಿ. ಆ ಜಾಗದ ಸಿಸಿಟಿವಿ ಉಳಿಸಿ ಇಡಿ ಅಂತ ಇಳಿಯುವ ಮುಂಚೆಯೇ ಮೇಲ್ ಹಾಕಿ. ನೋಡಿದ ಸಹಪ್ರಯಾಣಿಕರ ಫೋನ್ ನಂಬರ್ ಇಸಿದುಕೊಳ್ಳಿ. ನಮ್ಮ ಭಾವ ಶಿಪ್ಪಿನಲ್ಲೇ ಕೆಲಸ ಮಾಡಿದವರು. ಅವರೂ ಹೇಳುವುದು ಇದನ್ನೇ, ಇಳಿದ ಮೇಲೆ ಏನೂ ಸಿಗುವುದಿಲ್ಲ ಅಂತ.

ಲಗೇಜಿಗೆ ಗಡುವು ಇನ್ನೂ ಚಿಕ್ಕದು. ಕಣ್ಣಿಗೆ ಕಾಣುವ ಹಾನಿ ಕ್ಯಾಬಿನ್ ಬ್ಯಾಗಿಗೆ ಆಗಿದ್ದರೆ ಇಳಿಯುವಾಗಲೇ ಬರೆದು ಕೊಡಬೇಕು. ಕಾಣದ ಹಾನಿಗೂ ಕಳೆದುಹೋದದ್ದಕ್ಕೂ 15 ದಿನ. ಚಿನ್ನ, ನಗದನ್ನು ಜೋಪಾನಕ್ಕೆ ಅಂತ ಹಡಗಿನವರ ಕೈಗೇ ಒಪ್ಪಿಸಿರದಿದ್ದರೆ ಅವರ ಹೊಣೆ ಇಲ್ಲ. ಮದುವೆಗೆ ಹೋದ ಹಾಗೆ ಬಳೆ, ಸರ ಹಾಕಿಕೊಂಡು ಕ್ರೂಸಿಗೆ ಹೋಗುವ ನಮ್ಮವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಅಮೆರಿಕದಿಂದ ಹೊರಡುವ ಕ್ರೂಸ್ ಆದರೆ ಇನ್ನೂ ಬಿಗಿ. ಗಾಯದ ಬಗ್ಗೆ ಆರು ತಿಂಗಳೊಳಗೆ ನೋಟಿಸ್, ಒಂದು ವರ್ಷದೊಳಗೆ ಕೇಸು ಅಂತ ಟಿಕೆಟ್‌ನಲ್ಲೇ ಹಾಕಲು ಅಲ್ಲಿನ ಕಾನೂನು ಬಿಡುತ್ತದೆ. ಕೋರ್ಟ್ ಎಲ್ಲಿ ಅನ್ನುವುದನ್ನೂ ಟಿಕೆಟ್ ಹೇಳುತ್ತದೆ. ವಾಷಿಂಗ್ಟನ್ ರಾಜ್ಯದ ಶೂಟ್ ದಂಪತಿಗೆ ಆದದ್ದು ಇದೇ. ಹಡಗು ಮೆಕ್ಸಿಕೊ ಕರಾವಳಿಯ ಹತ್ತಿರ ಇದ್ದಾಗ ಹೆಂಡತಿ ಜಾರಿ ಬಿದ್ದರು. ಫ್ಲೋರಿಡಾದಲ್ಲೇ ಕೇಸು ಹಾಕಬೇಕು ಎಂಬ ಟಿಕೆಟ್‌ನ ಷರತ್ತನ್ನು 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವರದೇ ದೇಶದವರಿಗೆ ಹೀಗೆ, ಇನ್ನು ಸುರತ್ಕಲ್ಲಿನವರ ಪಾಡು?

ಪಣಂಬೂರಿಗೂ ಕ್ರೂಸ್ ಹಡಗು ಬರುತ್ತವೆ, ಅಲ್ಲೇ ಹಿಡಿಯಬಹುದಲ್ವಾ ಅಂತ ನೆರೆಮನೆಯವರು ಕೇಳಿದರು. 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ, ಅಂದರೆ ಹಡಗಿನ ವ್ಯಾಜ್ಯಗಳ ಕಾನೂನಿನಲ್ಲಿ, ದಾರಿ ಇದೆ. ನಮ್ಮ ಹೈಕೋರ್ಟಿಗೂ ಹಡಗನ್ನು ತಡೆಹಿಡಿಯುವ ಅಧಿಕಾರ ಇದೆ. ಆದರೆ ಒಂದು ಮಣಿಕಟ್ಟಿಗಾಗಿ ಅಷ್ಟು ದೊಡ್ಡ ಖರ್ಚು ಯಾರು ಮಾಡುತ್ತಾರೆ?

ನಮ್ಮಂಥವರಿಗೆ ಹತ್ತಿರದ ದಾರಿ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ದರೆ ಫೀಸು ಇಲ್ಲ. ಇಲ್ಲಿಯೂ ಗಡುವು ಎರಡು ವರ್ಷವೇ, ಆದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಒಪ್ಪಬಹುದು. ಸಹಾಯವಾಣಿ 1915. ನಾವು ದೂರು ಕೊಟ್ಟಿರುವುದು ಏಜೆಂಟರ ಮೇಲೆ: ಷರತ್ತಿನ ಪ್ರತಿ ಕೊಡಲಿಲ್ಲ, ಗಡುವಿನ ವಿಷಯ ಹೇಳಲಿಲ್ಲ ಅಂತ. ನಾವು ಬರೀ ಬುಕಿಂಗ್ ಮಾಡಿಕೊಟ್ಟವರು ಅಂತ ಅವರ ವಾದ. ‘ನಾವೇ ಮಾತಾಡ್ತೇವೆ’ ಎಂದ ವಾಟ್ಸಾಪ್ ಮೆಸೇಜುಗಳ ಪ್ರಿಂಟ್ ತೆಗೆಸಿ ದೂರಿನ ಜೊತೆ ಲಗತ್ತಿಸಿದ್ದೇವೆ.