ಹೆಸರು ಅಳಿಸಿಹೋದ ಸೋಲ್ಡರಿಂಗ್ ಐರನ್: 2004ರಿಂದ ಬಳಸುತ್ತಿರುವವಳ ಅನುಭವ

"ಯಾವ ಕಂಪನಿಯದು, ಅಕ್ಕ?"

ಹಾಸನದ ಯಾವ ಅಂಗಡಿಯಲ್ಲಿ ನನ್ನ ಸೋಲ್ಡರಿಂಗ್ ಐರನ್ನಿಗೆ ಬಿಟ್, ಅಂದರೆ ಬೆಸೆಯುವ ತುದಿ, ಕೇಳಿದರೂ ಮೊದಲ ಪ್ರಶ್ನೆ ಇದೇ. ನನ್ನ ಬಳಿ ಉತ್ತರವಿಲ್ಲ. ಐಟಿಐಯಲ್ಲಿ ಓದುವಾಗ ಪ್ರಾಯೋಗಿಕ ತರಗತಿಗೆಂದು ಕೊಂಡ 25 ವ್ಯಾಟ್ ಐರನ್ ಇದು. ಹಿಡಿಕೆಯ ಮೇಲಿದ್ದ ಹೆಸರು ಬೆರಳು ಉಜ್ಜಿ ಉಜ್ಜಿ ಎಂದೋ ಮಾಯವಾಗಿದೆ. ಕಸ್ತೂರಬಾ ರಸ್ತೆಯ ಒಬ್ಬರು "ಮನೆಯವರನ್ನು ಕಳುಹಿಸಿ, ಅವರಿಗೆ ಗೊತ್ತಿರುತ್ತದೆ" ಎಂದರು. ನಮ್ಮ ಮನೆಯವರಿಗೆ ಬಲ್ಬ್ ತಿರುಗಿಸುವುದಷ್ಟೇ ಗೊತ್ತು.

ರೇಡಿಯೊ, ಬ್ಯಾಟರಿ ಸ್ಪ್ರೇಯರ್, ಆಲೂರಿನ ತವರುಮನೆಯ ತೋಟದ ಸೋಲಾರ್ ಬೇಲಿಯ ಪೆಟ್ಟಿಗೆ, ನೆರೆಮನೆಯ ಮಕ್ಕಳ ಆಟಿಕೆ ಎಲ್ಲವೂ ಈ ಐರನ್ನಿನ ಕೆಳಗೆ ಹಾದುಹೋಗಿವೆ. ಇಷ್ಟು ವರ್ಷಗಳಲ್ಲಿ ಬಿಟ್ ಹಲವು ಸಲ, ಒಳಗೆ ಕಾಯುವ ಸುರುಳಿಯಾದ ಕಾಯಿಲ್ ಎರಡು ಸಲ, ತಂತಿ ಒಂದು ಸಲ ಬದಲಾಗಿದೆ. ಹಳೆಯದು ಎಂದು ಉಳಿದಿರುವುದು ಹಿಡಿಕೆ ಮತ್ತು ಹೊರಗಿನ ಕೊಳವೆ.

ಮೊದಲ ಬಿಟ್ಟನ್ನು ನಾನೇ ಕೊಂದೆ. ತುದಿ ಕಪ್ಪಾಯಿತೆಂದು ಅರ ಹಿಡಿದು ಉಜ್ಜಿದೆ. ಈಗಿನ ಬಿಟ್‌ಗಳ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪನವಿರುತ್ತದೆ. ಬೆಸುಗೆಯ ಲೋಹವಾದ ಸೋಲ್ಡರಿನಲ್ಲಿರುವ ಕರಗಿದ ತವರ ತಾಮ್ರವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ; ಅದನ್ನು ತಡೆಯುವುದೇ ಆ ಲೇಪನ. ಅದು ಹೋದ ಮೇಲೆ ತುದಿಯಲ್ಲಿ ಗುಳಿ ಬಿದ್ದು ಕೆಲವೇ ವಾರಗಳಲ್ಲಿ ಬಿಟ್ ಹಾಳಾಯಿತು. ಲೇಪನವಿದ್ದರೆ ಅರ ಮುಟ್ಟಲೇಬೇಡಿ. ಬಿಸಿಯಿರುವಾಗ ಹಿತ್ತಾಳೆಯ ನಾರಿನಲ್ಲಿ ಅಥವಾ ಹಿಂಡಿದ ಸ್ಪಂಜಿನಲ್ಲಿ ಒರೆಸಿ, ಆರಿಸುವ ಮುನ್ನ ತುದಿಗೆ ಸೋಲ್ಡರ್ ಸವರಿ ಇಡಿ.

ಬಿಟ್ ಸಿಗದ ಒಂದು ಆಷಾಢದಲ್ಲಿ ಪಕ್ಕದ ಮನೆಗೆ ವೈರಿಂಗ್ ಮಾಡಲು ಬಂದಿದ್ದ ಎಲೆಕ್ಟ್ರಿಷಿಯನ್ ಅಣ್ಣ ದಾರಿ ತೋರಿಸಿದರು. ಅರ್ಥಿಂಗ್‌ಗೆ ಹಾಕುವ 8 ಗೇಜ್ ತಾಮ್ರದ ತಂತಿಯ ವ್ಯಾಸ 4.06 ಮಿಲಿಮೀಟರ್. ನನ್ನ ಐರನ್ನಿನ ಕೊಳವೆಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗೇಣಿಗಿಂತ ಚಿಕ್ಕ ತುಂಡು, ತುದಿಯನ್ನು ಉಳಿಯಂತೆ ಚಪ್ಪಟೆ ಮಾಡಿಕೊಂಡರೆ ಆಯಿತು. ಲೇಪನವಿಲ್ಲದ್ದರಿಂದ ಬೇಗ ಸವೆಯುತ್ತದೆ; ಆದರೆ ಇದಕ್ಕೆ ಮಾತ್ರ ಅರ ಹಾಕಬಹುದು, ಹಾಕಿದ ಕೂಡಲೇ ಮತ್ತೆ ಸೋಲ್ಡರ್ ಸವರಬೇಕು. ಕಲಾಯಿಯವರು ಬಳಸುವ ನವಸಾಗರದಿಂದ ತುದಿ ಥಳಥಳಿಸುತ್ತದೆ ನಿಜ, ಆದರೆ ಅದರ ಹೊಗೆ ಕೆಟ್ಟದ್ದು, ಉಳಿಕೆ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಬೋರ್ಡಿನ ಕೆಲಸಕ್ಕೆ, ಬೆಸುಗೆ ಹಿಡಿಯುವಂತೆ ಲೋಹವನ್ನು ಶುಚಿಮಾಡುವ ರಾಳದ ಫ್ಲಕ್ಸ್ ಸಾಕು.

ಬಿಟ್ಟನ್ನು ತಿಂಗಳಿಗೊಮ್ಮೆಯಾದರೂ ತಣ್ಣಗಿರುವಾಗ ಬಿಚ್ಚಿ ಒಳಗಿನ ಕಪ್ಪು ಹೊಪ್ಪಳೆಯನ್ನು ತಟ್ಟಿ ಉದುರಿಸಿ. ನಾನು ಎರಡು ವರ್ಷ ಹಾಗೇ ಬಿಟ್ಟಿದ್ದೆ, ಕೊಳವೆಗೆ ಕಚ್ಚಿಕೊಂಡಿತು. ಇಕ್ಕಳದಿಂದ ಜಗ್ಗಿದ್ದಕ್ಕೆ ಬಿಟ್ಟಿನ ಜೊತೆ ಕಾಯಿಲ್ಲೂ ಹರಿದು ಬಂತು. ಜಗ್ಗದೆ, ಅತ್ತಿತ್ತ ಸ್ವಲ್ಪ ಸ್ವಲ್ಪವೇ ತಿರುಗಿಸಿ ಸಡಿಲ ಮಾಡಬೇಕಿತ್ತು.

ಕಾಯಿಲ್ ಕೊಳ್ಳುವಾಗ ಆದದ್ದನ್ನು ಬಿಡಿಸಿ ಹೇಳಬೇಕು. ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ "ಎಲ್ಲದಕ್ಕೂ ಇದೇ ಆಗುತ್ತದೆ" ಎಂದು ಒಂದನ್ನು ಕೊಟ್ಟರು. ಆಯಿತು ಕೂಡ, ಕೊಳವೆಯೊಳಗೆ ಸಲೀಸಾಗಿ ಹೋಯಿತು. ಆದರೆ ಹತ್ತು ನಿಮಿಷಕ್ಕೆ ಹಿಡಿಕೆ ಹಿಡಿಯಲಾಗದಷ್ಟು ಬಿಸಿ. ಮಲ್ಟಿಮೀಟರ್ ಹಿಡಿದರೆ 1500 ಓಮ್‌ನ ಆಸುಪಾಸು ತೋರಿಸಿತು. 230 ವೋಲ್ಟ್‌ಗೆ 25 ವ್ಯಾಟ್ ಬರಬೇಕಾದರೆ ಸುಮಾರು 2100 ಓಮ್ ಇರಬೇಕು. 1500 ಎಂದರೆ ಅದು 35 ವ್ಯಾಟಿನದು. ಅಂದಿನಿಂದ ಚೀಲದಲ್ಲಿ ಮೀಟರ್ ಇಲ್ಲದೆ ಅಂಗಡಿಗೆ ಹೋಗುವುದಿಲ್ಲ. ಅಂಗಡಿಯವರಿಗೆ ಕಿರಿಕಿರಿಯಾಗುತ್ತದೆ, ಆಗಲಿ. ಸರಿಯಾದದ್ದು ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಒಟ್ಟಿಗೆ ಎರಡು ತಂದಿಟ್ಟೆ. ಜಗ್ಗಿ ಕೆಡಿಸಿದ ಆ ಸಲ ಎರಡನೆಯದು ಕೈಹಿಡಿಯಿತು. ಕಾಯಿಲ್ಲಿನ ಕಾಲುಗಳನ್ನು ತಂತಿಗೆ ಬೆಸೆಯಲು ಹೋಗಬೇಡಿ. ಅವುಗಳ ಲೋಹವಾದ ನೈಕ್ರೋಮ್‌ಗೆ ಸಾಮಾನ್ಯ ಸೋಲ್ಡರ್ ಸರಿಯಾಗಿ ಹಿಡಿಯುವುದಿಲ್ಲ, ಸ್ಕ್ರೂ ಕನೆಕ್ಟರ್ರೇ ಸರಿ.

ತಂತಿಯ ವಿಷಯ ಸುಲಭ. ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಬಿಟ್ ತಾಗಿ ಕರಗುವುದು ಎಲ್ಲರ ಮನೆಯ ಕಥೆ. ಇಸ್ತ್ರಿ ಪೆಟ್ಟಿಗೆಗೆ ಹಾಕುವ, ನೂಲು ಹೆಣೆದ ಮೂರು ಎಳೆಯ ತಂತಿ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹಾಕಿ, ಮೂರನೆಯ ಎಳೆಯನ್ನು ಕೊಳವೆಗೆ ಅರ್ಥ್ ಆಗಿ ಕೊಟ್ಟು, ಮೂರು ಪಿನ್ನಿನ ಪ್ಲಗ್ ಜೋಡಿಸಿ.

ಅರ್ಥ್ ಏಕೆಂದರೆ, ನಮ್ಮ ಕಡೆಯ ಮಳೆಗಾಲ. ಜುಲೈ ತಿಂಗಳಲ್ಲಿ ಆಲೂರಿನಲ್ಲಿಟ್ಟಿದ್ದ ಐರನ್ ಹಾಸನಕ್ಕೆ ತಂದು ಪ್ಲಗ್ ಹಾಕಿದೊಡನೆ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಯಿತು. ಕಾಯಿಲ್ಲಿನ ಸುತ್ತಲಿನ ಅಭ್ರಕ, ಸಿಮೆಂಟಿನಂಥ ಹೂರಣ ತೇವ ಎಳೆದುಕೊಂಡು ವಿದ್ಯುತ್ ಸೋರುತ್ತಿತ್ತು. ಬಚ್ಚಲೊಲೆಯ ದಂಡೆಯ ಮೇಲೆ ಒಂದು ದಿನ ಬೆಚ್ಚಗೆ ಇಟ್ಟ ಮೇಲೆ ಸರಿಹೋಯಿತು. ಒಣಗಿದ ಮೇಲೂ ಟ್ರಿಪ್ ಆದರೆ ಕಾಯಿಲ್ ಎಸೆಯಿರಿ, ಆರ್‌ಸಿಸಿಬಿಯನ್ನು ದೂರಬೇಡಿ.

ತೋಟದ ಮನೆಯಲ್ಲಿ ಇನ್ನೊಂದು ಗೋಳು. ಅಲ್ಲಿ ಸೋಲ್ಡರ್ ಗಂಜಿಯಂತೆ ಮುದ್ದೆಯಾಗುತ್ತಿತ್ತು. ಕಲಬೆರಕೆ ಸೋಲ್ಡರ್ ಎಂದು ಅಂಗಡಿಯವರಿಗೆ ಬೈದುಕೊಂಡಿದ್ದೆ. ಒಂದು ಸಂಜೆ ಗೋಡೆಯ ಸಾಕೆಟ್ಟಿಗೆ ಮೀಟರ್ ಹಿಡಿದಾಗ 180 ವೋಲ್ಟ್. ಆ ವೋಲ್ಟೇಜಿಗೆ 25 ವ್ಯಾಟಿನ ಐರನ್ ಕೊಡುವುದು 15 ವ್ಯಾಟ್ ಮಾತ್ರ. ಈಗ ಅಲ್ಲಿಯ ದಪ್ಪ ತಂತಿಗಳ ಕೆಲಸವನ್ನು ಬೆಳಿಗ್ಗೆ, ಪಂಪ್‌ಸೆಟ್‌ಗಳು ಶುರುವಾಗುವ ಮುನ್ನ ಮುಗಿಸುತ್ತೇನೆ. 63 ಪಾಲು ತವರ, 37 ಪಾಲು ಸೀಸ ಬೆರೆತ 63/37 ಸೋಲ್ಡರ್ ಇದ್ದರೆ ಇನ್ನೂ ಒಳ್ಳೆಯದು. ಅದು 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ, ನಡುವೆ ಗಂಜಿಯ ಸ್ಥಿತಿಯೇ ಇಲ್ಲ.

ಈ ಐರನ್ ಪೂರ್ತಿ ಸೋಲುವುದು ಎಲ್‌ಇಡಿ ಬಲ್ಬಿನ ಮುಂದೆ. ಅದರ ಅಲ್ಯೂಮಿನಿಯಂ ತಟ್ಟೆ ಶಾಖವನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೆ ತಟ್ಟೆಯನ್ನು ಕೆಳಗಿನಿಂದ ಬಿಸಿ ಮಾಡಬೇಕು. ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ಅಲುಗದಂತೆ ಮಗುಚಿ ನಿಲ್ಲಿಸಿ ಅದರ ಮೇಲಿಟ್ಟು ಮಾಡುತ್ತೇನೆ. ಶಾಖ ಹೊಂದಿಸುವ ತಿರುಗುಗುಂಡಿಯ ಹೊಸ ಐರನ್ ಒಂದನ್ನೂ ತರಿಸಿ ನೋಡಿದೆ. ಬೇಗ ಕಾಯುತ್ತದೆ, ಹಗುರ, ಕೈಗೆ ಹಿತ. ಒಮ್ಮೆ ಮೇಜಿನಿಂದ ಬಿತ್ತು, ಒಳಗಿನ ಸೆರಾಮಿಕ್ ಹೀಟರ್ ಬಿರುಕು ಬಿಟ್ಟಿತು. ಅದರ ಬಿಡಿಭಾಗ ಹಾಸನದಲ್ಲಿ ಯಾರ ಬಳಿಯೂ ಸಿಗಲಿಲ್ಲ.

ಹಳೆಯದಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಂಪನಿಯ ಹೆಸರಿದ್ದ ಜಾಗದಲ್ಲಿ ಮೊಳೆಯಿಂದ 4.06, 2100 ಎಂದು ಗೀಚಿಟ್ಟಿದ್ದೇನೆ. ಯಾವ ಕಂಪನಿ ಎಂದು ಕೇಳಿದವರಿಗೆ ಅದನ್ನೇ ತೋರಿಸುತ್ತೇನೆ. ಕಳೆದುಕೊಂಡ ಒಂದು ಅಂಕ ಬಿಟ್ ಬಿಗಿಯುವ ಸ್ಕ್ರೂವಿನದು. ಅದರ ಮರೆ ಸವೆದಿದೆ, ಸದ್ಯಕ್ಕೆ ಬೈಂಡಿಂಗ್ ವೈರ್ ಸುತ್ತಿ ನಡೆಸುತ್ತಿದ್ದೇನೆ. ಸಂತೆಪೇಟೆಯ ಸೈಕಲ್ ಅಂಗಡಿಯವರು ಹುಡುಕಿಡುತ್ತೇನೆ, ಮಂಗಳವಾರ ಬನ್ನಿ ಎಂದಿದ್ದಾರೆ.