ಜರ್ಮನಿಯ ನಗರಸಭೆ ಬಜೆಟ್, ಅದನ್ನು ಬರೆಯುವ ಕೆಮರರ್: ನನ್ನ ರಿವ್ಯೂ

ನಾನಿರುವುದು ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಒಂದು ಮಧ್ಯಮ ಗಾತ್ರದ ನಗರದಲ್ಲಿ. ಇಲ್ಲಿನ ನಗರಸಭೆ ತನ್ನ ಬಜೆಟ್ ಕರಡನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ, ಯಾರು ಬೇಕಾದರೂ ಓದಬಹುದು. ತೆರಿಗೆ ಕೊಟ್ಟು ಪಡೆಯುವ ಸೇವೆ ಇದು, ಅದಕ್ಕೆ ಸೇವೆ ಅಂತಲೇ ನೋಡಿ ಬರೆಯುತ್ತಿದ್ದೇನೆ. 5ಕ್ಕೆ 3.5 ಕೊಡುತ್ತೇನೆ.

ಮೊದಲು ಇದನ್ನು ತಯಾರಿಸುವವರ ಬಗ್ಗೆ. ನಗರದ ಹಣಕಾಸು ಅಧಿಕಾರಿಗೆ ಇಲ್ಲಿ ಕೆಮರರ್ ಅನ್ನುತ್ತಾರೆ. ಎಷ್ಟೋ ನಗರಗಳಲ್ಲಿ ಇವರು ಬರೀ ನೌಕರರಲ್ಲ, ನಗರಸಭೆಯೇ ಓಟು ಹಾಕಿ 8 ವರ್ಷಕ್ಕೆ ಆರಿಸಿಕೊಂಡವರು. ಅಂದರೆ ಅರ್ಧ ಅಧಿಕಾರಿ, ಅರ್ಧ ರಾಜಕಾರಣಿ. ಕೊನ್ರಾಡ್ ಅಡೆನಾವರ್ ಕೂಡ 1906ರಲ್ಲಿ ಕಲೋನ್ ನಗರದಲ್ಲಿ ಇಂಥದ್ದೇ ಆಯ್ಕೆಯ ಹುದ್ದೆಗೆ ಬಂದು, 1917ರಲ್ಲಿ ಮೇಯರ್ ಆಗಿ, 1949ರಲ್ಲಿ ದೇಶದ ಚಾನ್ಸಲರ್ ಆದವರು.

ನನಗೆ ತುಂಬಾ ಹಿಡಿಸಿದ್ದು ಈ ರಾಜ್ಯದ ಕಾನೂನಿನ ಒಂದು ನಿಯಮ. ಕರಡು ಬರೆಯುವುದು ಕೆಮರರ್, ಒಪ್ಪಿ ನಗರಸಭೆಗೆ ಕಳಿಸುವುದು ಮೇಯರ್. ಮೇಯರ್ ಅದರಲ್ಲಿ ಏನಾದರೂ ಬದಲಾಯಿಸಿದರೆ ಕೆಮರರ್ ತಮ್ಮ ಅಭಿಪ್ರಾಯವನ್ನು ಬೇರೆಯಾಗಿ ಬರೆದು ಕೊಡಬಹುದು. ಮೇಲಿನವರು ಹೇಳಿದ್ದಕ್ಕೆಲ್ಲ ಸುಮ್ನೆ ತಲೆಯಾಡಿಸಬೇಕಾಗಿಲ್ಲ. ಲೆಕ್ಕ ಬರೆಯುವವರಿಗೆ ಇಷ್ಟಾದರೂ ಧೈರ್ಯ ಕೊಡಬೇಕು ಅಲ್ವಾ?

ಇನ್ನು ಬಜೆಟ್ ಕಡತ. ನೂರಾರು ಪುಟದ ಪಿಡಿಎಫ್. ಒಂದು ಶಾಲೆಯ ರಿಪೇರಿಯಿಂದ ಹಿಡಿದು ಅಗ್ನಿಶಾಮಕ ದಳದ ಹೊಸ ಗಾಡಿಯವರೆಗೆ ಎಲ್ಲ ಇದೆ, ಯಾವುದನ್ನೂ ಮುಚ್ಚಿಟ್ಟಿಲ್ಲ. ಆದರೆ ಯಾವ ಖರ್ಚು ಕಡ್ಡಾಯ, ಯಾವುದು ನಗರಸಭೆಯ ಇಷ್ಟಕ್ಕೆ ಬಿಟ್ಟಿದ್ದು ಅನ್ನುವುದು ಒಂದೇ ಕಡೆ ಎಲ್ಲೂ ಸಿಗುವುದಿಲ್ಲ. ಶಿಶುವಿಹಾರದಲ್ಲಿ ಜಾಗ ಕೊಡಲೇಬೇಕು, 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಮಗುವಿಗೆ ಅದು ಕಾನೂನಿನ ಹಕ್ಕು. ಈಜುಕೊಳ, ಸಂಗೀತ ಶಾಲೆ, ರಂಗಮಂದಿರ ಹಾಗಲ್ಲ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಇವುಗಳಿಗೇ, ಸಭೆಯಲ್ಲಿ ಜಗಳ ನಡೆಯುವುದೂ ಇವುಗಳ ಮೇಲೆಯೇ. ಆ ಪಟ್ಟಿಯನ್ನೇ ಮೊದಲ ಪುಟದಲ್ಲಿ ಹಾಕದೆ ಜನ ಬಜೆಟ್ ಓದಲಿ ಅಂದರೆ ಹೇಗೆ? ಕಳೆದುಕೊಂಡ ಒಂದೂವರೆ ಅಂಕದಲ್ಲಿ ಒಂದು ಪೂರ್ತಿ ಇದಕ್ಕೇ.

ಉಳಿದ ಅರ್ಧ ತೆರಿಗೆ ಅಧ್ಯಾಯಕ್ಕೆ. ಗೆವೆರ್ಬೆಸ್ಟೊಯರ್ ಅನ್ನುವ ವ್ಯಾಪಾರ ತೆರಿಗೆಯ ದರ ನಿಗದಿ ಮಾಡುವುದು ನಗರಸಭೆ. ಇಡೀ ಬಜೆಟ್‌ನಲ್ಲಿ ಇಷ್ಟು ನೇರ ಅಧಿಕಾರ ಇರುವ ಜಾಗ ಕಡಿಮೆ, ಆದರೆ ನಮ್ಮ ಕಡತದಲ್ಲಿ ಅದಕ್ಕೊಂದು ಉದಾಹರಣೆಯೂ ಇಲ್ಲ. ಲೆಕ್ಕ ಕಷ್ಟದ್ದೇನಲ್ಲ. ಒಂದು ಕಂಪನಿಯ ಲಾಭ 1,00,000 ಯೂರೋ ಅಂದುಕೊಳ್ಳಿ, ಅದರ ಶೇ. 3.5 ಅಂದರೆ 3,500, ಅದಕ್ಕೆ ನಗರದ ದರವನ್ನು ಗುಣಿಸಬೇಕು. ರೈನ್ ದಡದ ಮೊನ್‌ಹೈಮ್ ನಗರದಲ್ಲಿ 2012ಕ್ಕೆ ಮುಂಚೆ ದರ ಶೇ. 435 ಇತ್ತು, ಅಂದರೆ 15,225 ಯೂರೋ. ಹಂತ ಹಂತವಾಗಿ ಇಳಿಸಿ 2018ರಲ್ಲಿ ಶೇ. 250 ಮಾಡಿದರು, ಅದೇ ಕಂಪನಿಗೆ 8,750. ಕಂಪನಿಗಳು ಓಡಿ ಬಂದವು, ಖಜಾನೆ ತುಂಬಿತು, ಅಕ್ಕಪಕ್ಕದ ನಗರಗಳಿಗೆ ಸಿಟ್ಟು ಬಂತು. ಅದೇ ಮೊನ್‌ಹೈಮ್ ಗ್ರೀನ್‌ಸಿಲ್ ಬ್ಯಾಂಕಿನಲ್ಲಿ 38 ಮಿಲಿಯನ್ ಯೂರೋ ಇಟ್ಟಿತ್ತು, 2021ರ ಮಾರ್ಚ್‌ನಲ್ಲಿ ಬ್ಯಾಂಕೇ ಮುಚ್ಚಿತು. ಕೈತುಂಬ ದುಡ್ಡಿರುವ ನಗರದಲ್ಲೂ ಹಣಕಾಸು ನೋಡುವವರ ಕೆಲಸ ಸುಲಭ ಅಲ್ಲ.

ಈಗ 3.5 ಯಾಕೆ ಕೊಟ್ಟೆ ಅಂತ. ಯುರೋಪಿಯನ್ ಯೂನಿಯನ್ ಪೌರತ್ವ ಇಲ್ಲದ ನಮ್ಮಂಥವರಿಗೆ ನಗರಸಭೆ ಚುನಾವಣೆಯಲ್ಲಿ ಓಟಿಲ್ಲ, ಆದರೆ ಈ ಕರಡಿನ ಮೇಲೆ ಆಕ್ಷೇಪಣೆ ಬರೆಯುವ ಹಕ್ಕು ಊರಲ್ಲಿ ವಾಸ ಇರುವ ಎಲ್ಲರಿಗೂ ಇದೆ, ಅದಕ್ಕೆ ಕನಿಷ್ಠ 14 ದಿನ ಕೊಡಲೇಬೇಕು, ಬಂದ ಆಕ್ಷೇಪಣೆಯ ಮೇಲೆ ನಗರಸಭೆ ಜನರ ಎದುರೇ, ಬಹಿರಂಗ ಸಭೆಯಲ್ಲಿ ತೀರ್ಮಾನ ಮಾಡಬೇಕು. ಇದು ಸಣ್ಣ ಮಾತಲ್ಲ. ಇಲ್ಲಿರುವ ಕನ್ನಡಿಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಈ ರಾಜ್ಯದಲ್ಲಿರುವವರು ಪಿಡಿಎಫ್‌ಗೆ ಮೊದಲೇ ಕೈ ಹಾಕಬೇಡಿ. ಕರಡು ಮಂಡಿಸುವ ದಿನ ಕೆಮರರ್ ಮಾಡುವ ಭಾಷಣವನ್ನು ಓದಿ, ಸಾಮಾನ್ಯವಾಗಿ ನಗರದ ವೆಬ್‌ಸೈಟಿನಲ್ಲೇ ಇರುತ್ತದೆ. ಎಲ್ಲಿ ನೋವಾಗುತ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಮಕ್ಕಳ ಶಾಲೆಯದೋ ಗ್ರಂಥಾಲಯದ್ದೋ ಪುಟ ಹುಡುಕಿ, ಜರ್ಮನ್‌ನಲ್ಲಿ ನಾಲ್ಕು ಸಾಲು ಬರೆದು ಕೊನೆಯ ದಿನಾಂಕದ ಒಳಗೆ ಕಳಿಸಿ.